ಹದ್ದು ಸುತ್ತಿದ ನೆಲ

ಮಸ್ಕಿಯಲ್ಲಿ ಚೀಟಿ ಗಿರಿಯಮ್ಮನ ಮನೆ ಯಾವುದು ಎಂದು ಕೇಳಿದರೆ ಕುರಿ ಕಾಯುವವರೂ ಕೈಮಾಡಿ ತೋರಿಸುತ್ತಿದ್ದರು. ನಿಜಾಮರ ಕಾಲ, ಫಸಲಿ ಸಾವಿರದ ಮುನ್ನೂರ ಐವತ್ತರ ಆಸುಪಾಸು, ಅಂದರೆ ಇಸವಿ ಸಾವಿರದ ಒಂಬೈನೂರ ನಲವತ್ತು. ಕಚೇರಿಯಲ್ಲಿ ಉರ್ದು, ಸರ್ಕಾರಿ ಶಾಲೆಯಲ್ಲಿ ಉರ್ದು. ಕನ್ನಡ ಓದಬೇಕೆಂದರೆ ಯಾರದಾದರೂ ಪಡಸಾಲೆಯೇ ಗತಿ. ಅಂಥದ್ದರಲ್ಲಿ ಒಬ್ಬ ಹೆಂಗಸು, ಅದೂ ಗಂಡ ಸತ್ತವಳು, ಮೂರು ಹೊತ್ತೂ ಓಲೆಗರಿ ಹರವಿಕೊಂಡು ಚೀಟಿ ಬರೆಯುತ್ತ ಕೂತರೆ ಊರು ಬಾಯಿ ಮುಚ್ಚಿಕೊಂಡಿರುತ್ತದೆಯೇ? ಮಾಟ ಮಾಡುತ್ತಾಳೆ ಅಂದರು. ತಲೆ ಕೆಟ್ಟಿದೆ ಅಂದರು. ಯಾವುದೂ ಅಂಟದೆ, ಕೊನೆಗೆ ಚೀಟಿ ಗಿರಿಯಮ್ಮ ಎಂದು ಹೆಸರಿಟ್ಟು ಸುಮ್ಮನಾದರು.

ಆಕೆ ಮಾಡುತ್ತಿದ್ದದ್ದು ಇಷ್ಟೇ. ಹಳೆಯ ಪುಸ್ತಕದ ಒಂದು ವಾಕ್ಯ ಓದುವುದು. ಅದರಲ್ಲಿ ಯಾವ ಮಾತು ಯಾವ ಮಾತಿನ ಜೊತೆ ಬಂದಿದೆ ಎಂದು ನೋಡುವುದು. ಅಂಗೈಯಗಲದ ಚೀಟಿಯಲ್ಲಿ ಮೊದಲು ಆ ಮಾತು, ಕೆಳಗೆ ಅದರ ಜೋಡಿ, ಅದರ ಕೆಳಗೆ ಸಿಕ್ಕಿದ ಪುಸ್ತಕದ ಹೆಸರು ಬರೆದು, ತೂತು ಮಾಡಿ ದಾರಕ್ಕೆ ಪೋಣಿಸುವುದು. ನೀರೆರೆದು ದಾನ ಕೊಡುವ ‘ಧಾರಾಪೂರ್ವಕಂ’ ಬಂದರೆ ಹಿಂದೆಯೇ ‘ಮಾಡಿ’ ಬರಬೇಕು. ಸೂರ್ಯಚಂದ್ರರಿರುವ ತನಕ ಅನ್ನುವ ‘ಆಚಂದ್ರಾರ್ಕಂ’ ಬಂದರೆ ‘ಸಲ್ವುದು’ ದೂರವಿರುವುದಿಲ್ಲ. ಎತ್ತುಗಳಿಗೆ ಇರುವ ಹಾಗೆ ಮಾತುಗಳಿಗೂ ಜೋಡಿಯಿರುತ್ತದೆ, ಕಾಲ ಬದಲಾದರೆ ಜೋಡಿಯೂ ಬದಲಾಗುತ್ತದೆ, ಜೋಡಿ ನೋಡಿದರೆ ವಾಕ್ಯದ ವಯಸ್ಸು ಹೇಳಬಹುದು. ಇದನ್ನು ಯಾರೂ ಆಕೆಗೆ ಕಲಿಸಿರಲಿಲ್ಲ, ತಾನೇ ಕಂಡುಕೊಂಡದ್ದು. ಇಪ್ಪತ್ತು ವರ್ಷದಲ್ಲಿ ಪಡಸಾಲೆಯ ಜಂತಿಗೆ ಅಕ್ಷರಕ್ಕೊಂದರಂತೆ ದಾರಗಳು ಇಳಿಬಿದ್ದಿದ್ದವು. ಗಾಳಿ ಬಿಟ್ಟರೆ ಚೀಟಿಗಳೆಲ್ಲ ಗುಸುಗುಸು ಅನ್ನುತ್ತಿದ್ದವು.

ಓದು ಕಲಿಸಿದವನು ಅಪ್ಪ, ಪಂಪಣ್ಣ ಮಾಸ್ತರ. ಪುಸ್ತಕ ತಂದುಕೊಟ್ಟವನು ಅಮರಗುಂಡಪ್ಪ. ಆತ ಮಾಸ್ತರರ ಕಡೆಯ ಶಿಷ್ಯ. ಮಾಸ್ತರರು ಸತ್ತ ದಿನ ಮಗಳಿಗಿಂತ ಹೆಚ್ಚು ಅತ್ತವನು. ಈಗ ಲಿಂಗಸುಗೂರಿನಲ್ಲಿ ಯಾರದೋ ದನದ ಕೊಟ್ಟಿಗೆಯ ಮಗ್ಗುಲಿಗೆ ಕನ್ನಡ ಶಾಲೆಯೊಂದನ್ನು ನಡೆಸುತ್ತಿದ್ದ. ಹೆಂಗಸಾದವಳು ಊರೂರು ತಿರುಗಿ ಮಠಗಳಲ್ಲಿ, ಗೌಡರ ಮನೆಗಳಲ್ಲಿ ಪುಸ್ತಕ ಬೇಡುವುದು ಆಗುವ ಮಾತೇ? ಅಮರಗುಂಡ ತಿರುಗಿದ. ಮುಕ್ಕುಂದದಿಂದ ತಂದ, ಗುರುಗುಂಟಾದಿಂದ ತಂದ, ಸಿಂಧನೂರಿನ ಅಟ್ಟವೊಂದರಲ್ಲಿ ಗೆದ್ದಲಿನ ಪಾಲಾಗುತ್ತಿದ್ದ ಕಟ್ಟು ತಂದ. ಸೈಕಲ್ಲು ಗೋಡೆಗೆ ಒರಗಿಸಿ, ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ತಗುಲಿಸಿ, “ಅಕ್ಕಾ, ಏನ್ ತಂದೀನಿ ನೋಡ್ಬೇ!” ಎಂದು ಕೂಗುತ್ತಲೇ ಒಳಗೆ ಬರುತ್ತಿದ್ದ. ಹನ್ನೆರಡು ವರ್ಷ ಅದೇ ಕೂಗು. ಒಡಹುಟ್ಟಿದವರಿಲ್ಲದ ಗಿರಿಯಮ್ಮನಿಗೆ ಆ ಕೂಗು ಕೇಳಿದರೇ ಹೊಟ್ಟೆ ತುಂಬುತ್ತಿತ್ತು. ಚೀಟಿಗಳನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವನು ಮಾತ್ರ ಬೇಕಾದ ದಾರ ಇಳಿಸಿಕೊಂಡು ತನ್ನ ನೋಟುಬುಕ್ಕಿಗೆ ನಕಲು ಮಾಡಿಕೊಳ್ಳಬಹುದಿತ್ತು. ಹೋದ ಚಳಿಗಾಲದಲ್ಲಿ ಶಾಲೆಯ ಮಕ್ಕಳಿಗೆ ತೋರಿಸಲು ಬೇಕೆಂದು ಮಾಸ್ತರರ ಕಟ್ಟಿನಿಂದ ಬರೆಯದೆ ಉಳಿದಿದ್ದ ಎರಡು ಹಳೆಯ ಗರಿ ಕೇಳಿದ್ದ. ಆಕೆ ಯಾಕೆ ಏನು ಅನ್ನದೆ ಬಿಚ್ಚಿಕೊಟ್ಟಿದ್ದಳು.

ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಹ’ ದಾರದ ಒಂದು ಚೀಟಿ. ಗಿರಿಯಮ್ಮ ಚೀಟಿ ಬರೆಯಲು ಶುರುಮಾಡಿದ ಹೊಸತರದು. ಮುರಿದ ಗರಿಯ ತುದಿಯಲ್ಲಿ ‘ಹದ್ದು ಸುತ್ತಿದ ನೆಲ’ ಎಂದಿತ್ತು. ಮುಂದಿನದನ್ನು ಹುಳ ತಿಂದಿತ್ತು. ನಮ್ಮ ಕಡೆ ಹೊಲದ ಗಡಿಗೆ ಹದ್ದು ಅನ್ನುತ್ತಾರೆ. ಹದ್ದಿನ ಕಲ್ಲು, ಹದ್ದಿನ ಜಗಳ, ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು. ಆಕೆ ಹಿಂದೆಮುಂದೆ ನೋಡದೆ ಬರೆದಳು: ‘ಹದ್ದು. ಜೋಡಿ: ಸುತ್ತು, ನೆಲ. ಅರ್ಥ: ಗಡಿ. ಬಹು ಹಳೆಯ ಪ್ರಯೋಗ.’ ಮುಂದೆ ಅದನ್ನು ಓದಿದ ಅಮರಗುಂಡ ಕುಣಿದಾಡಿಬಿಟ್ಟ. “ನೋಡ್ಬೇ ಅಕ್ಕಾ, ನಾವು ಹೊಲದಾಗ ನಿಂತು ಆಡೋ ಮಾತಿಗೆ ಏಳುನೂರು ವರ್ಷ ಆಗ್ಯಾವ!” ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ.

ಮೂರು ವರ್ಷದ ಹಿಂದೆ ಮುಕ್ಕುಂದದ ಕಟ್ಟಿನಲ್ಲಿ ಆ ಮುರಿದ ಗರಿಯ ಕಥೆ ಇಡಿಯಾಗಿ ಸಿಕ್ಕಿತು. ‘ಹದ್ದು ಸುತ್ತಿದ ನೆಲಕೆ ಪೋಗಿ ನೋಡಲಾಗಿ ಅರಸನ ಕುದುರೆ ಸತ್ತು ಬಿದ್ದಿತ್ತು.’ ಗಿರಿಯಮ್ಮ ಮೊದಲು ನಕ್ಕಳು, ಆಮೇಲೆ ಬೆವೆತಳು. ಗಡಿಯೂ ಇಲ್ಲ, ಗುಡ್ಡೆಯೂ ಇಲ್ಲ. ಅದು ಆಕಾಶದಲ್ಲಿ ಹಾರುವ ಹದ್ದು! ತನ್ನ ದಾರಗಳನ್ನೆಲ್ಲ ಇಳಿಸಿ ನೋಡಿದಳು. ಹಳೆಯ ಪುಸ್ತಕಗಳಲ್ಲಿ ಗಡಿಗೆ ಎಲ್ಲೆ, ಮೇರೆ, ಸೀಮೆ ಎಂದಿತ್ತೇ ಹೊರತು ಹದ್ದು ಎಂದು ಒಂದು ಕಡೆಯೂ ಇರಲಿಲ್ಲ. ಗಡಿ ಅನ್ನುವ ಹದ್ದು ಎಷ್ಟೋ ಕಾಲದ ಮೇಲೆ ಕಚೇರಿಯ ಕಾಗದಪತ್ರದ ಜೊತೆ ಊರಿಗೆ ಬಂದ ಮಾತು. ಚೀಟಿಯ ಬೆನ್ನಿಗೆ ‘ತಪ್ಪು. ಇದು ಪಕ್ಷಿ’ ಎಂದು ಬರೆದು, ತಾರೀಖು ಹಾಕಿ, ಮತ್ತೆ ಇದ್ದಲ್ಲೇ ಪೋಣಿಸಿದಳು. ಅಮರಗುಂಡನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಕುಣಿದವನ ಮುಂದೆ ಸಣ್ಣವಳಾಗಲು ಮನಸ್ಸು ಬರಲಿಲ್ಲ. ಬಿಂಕ ಅನ್ನಿ. ಚೀಟಿ ಬರೆಯುವವರಿಗೇನು ಬಿಂಕವಿರಬಾರದೇ?

ಯುಗಾದಿಗೆ ಹದಿನೈದು ದಿನ ಇದೆ ಎನ್ನುವಾಗ ಅಮರಗುಂಡ ಬಂದ. ಕೂಗು ಕೇಳಿಸಲಿಲ್ಲ. ಚೀಲವನ್ನು ಗೂಟಕ್ಕೆ ಹಾಕದೆ ಹೆಗಲಲ್ಲೇ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತ.

“ಅಕ್ಕಾವರ, ಇದನ್ನ ಒಂದೀಟು ನೋಡ್ತೀರೇನ್ರಿ?”

ಅಕ್ಕಾ ಹೋಗಿ ಅಕ್ಕಾವರ! ನೋಡ್ಬೇ ಹೋಗಿ ನೋಡ್ತೀರೇನ್ರಿ! ಗಿರಿಯಮ್ಮನ ಕಿವಿ ನಿಮಿರಿತು. “ಯಾಕಲೇ, ಲಿಂಗಸುಗೂರಿನ ನೀರು ಕುಡುದು ಭಾಳ ಮರ್ಯಾದಿ ಕಲ್ತೀಯಲ್ಲ?” ಎಂದು ರೇಗಿಸಿದಳು. ಅವನು ನಕ್ಕ, ಆದರೆ ನಗು ಹಲ್ಲಿನಾಚೆ ಹೋಗಲಿಲ್ಲ. ಒಂದು ಓಲೆಗರಿ ತೆಗೆದು ಕೈಗಿಟ್ಟ.

ಗರಿ ಕಂಡದ್ದೇ ತಡ, ಗಿರಿಯಮ್ಮ ಉಳಿದದ್ದನ್ನೆಲ್ಲ ಮರೆತಳು. ‘ಆ ಗವುಂಡಂಗೆ ಧಾರಾಪೂರ್ವಕಂ ಮಾಡಿ ಕೊಟ್ಟ ಹೊಂಡಮುಂ ಅದರ ಕೆಲದ ಭೂಮಿಯುಂ ಆಚಂದ್ರಾರ್ಕಂ ಸಲ್ವುದು.’ ಒಂದೊಂದು ಮಾತೂ ತನ್ನ ಜೋಡಿಯ ಕೈಹಿಡಿದು ಬಂದಿತ್ತು. ಆಕೆಗೆ ಹಬ್ಬದೂಟ ಉಂಡಷ್ಟು ಖುಷಿ.

“ಎಷ್ಟು ಹಳೇದ್ರಿ?”

“ಮಾತಿನ ಜೋಡಿ ನೋಡಿದ್ರ ಏಳುನೂರು ವರ್ಷಕ್ಕ ಕಡಿಮಿಲ್ಲ. ಎಲ್ಲಿ ಸಿಕ್ತೋ? ಇದರ ಮುಂದಿನ ಗರಿ?”

“ದೇಸಾಯಿ ಕರಿಬಸಪ್ಪನವರ ದೇವರ ಕೋಣ್ಯಾಗ ಐತ್ರಿ. ಆಮ್ಯಾಲ ತರ್ತೀನಿ. ಈಗ ಹೇಳಿದ್ದನ್ನ ಒಂದು ಕಾಗದದ ಮ್ಯಾಲ ಬರದು ಸಹಿ ಮಾಡಿಕೊಡ್ರಿ, ಶಾಲಿಗೆ ಬೇಕಾಗೈತಿ.”

ಅಪ್ಪನ ಶಿಷ್ಯ, ಕನ್ನಡದ ಶಾಲೆ. ಇನ್ನೇನು ಕೇಳುತ್ತೀರಿ? ಬರೆದಳು. ‘ಪಂಪಣ್ಣ ಮಾಸ್ತರರ ಮಗಳು ಗಿರಿಯಮ್ಮ, ಮಸ್ಕಿ’ ಎಂದು ದುಂಡಗೆ ಸಹಿ ಹಾಕಿದಳು. ರೊಟ್ಟಿ ತಟ್ಟುತ್ತೇನೆ ಕೂತ್ಕೋ ಎಂದರೆ, “ಇಲ್ರಿ, ಹೊತ್ತಾಗೈತ್ರಿ” ಎಂದು ಹೊರಟುಬಿಟ್ಟ. ಹನ್ನೆರಡು ವರ್ಷದಲ್ಲಿ ಆ ಮನೆಯಲ್ಲಿ ಉಣ್ಣದೆ ಹೋದದ್ದು ಅದೇ ಮೊದಲು.

ಯುಗಾದಿ ಕಳೆದು ಬಿಸಿಲು ಏರಿದಾಗ ಕುರಿಗಾರ ಹೊನ್ನೂರಪ್ಪ ಬಂದು ಅಂಗಳದಲ್ಲಿ ನಿಂತ. ದಿನಾ ಹೋಗುವಾಗ ಬರುವಾಗ “ಏನ್ ಗಿರಿಯವ್ವಾ, ಇವತ್ತೆಷ್ಟು ಮಾತು ನೇಣಿಗೆ ಹಾಕಿದಿ?” ಎಂದು ಚೇಷ್ಟೆ ಮಾಡುವ ಮುದುಕ. ಅವತ್ತು ಮುಖ ಊದಿಸಿಕೊಂಡಿದ್ದ.

“ನಿನಗ ನಾವೇನು ಅನ್ಯಾಯ ಮಾಡಿದ್ವಿಬೇ?” ಅಂದ. “ನಮ್ಮ ನೀರಿಗೆ ಮುಳ್ಳಿನ ಬೇಲಿ ಹಾಕಿಸಿದೆಲ್ಲ!”

“ನಾನೇ? ಯಾವ ನೀರು?”

“ಕುರಿಹೊಂಡ. ನಮ್ಮ ಮುತ್ತ್ಯಾನ ಮುತ್ತ್ಯಾನ ಕಾಲದಿಂದ ಕುರಿ ನೀರು ಕುಡುದ ಹೊಂಡ. ಅದು ತನ್ನ ವಂಶದ್ದು ಅಂತ ದೇಸಾಯಿ ಲಿಂಗಸುಗೂರಿನ ಕಚೇರ್ಯಾಗ ಓಲಿ ತೋರಿಸ್ಯಾನ. ಅದು ಖರೇ ಓಲಿ, ಏಳುನೂರು ವರ್ಷದ್ದು ಅಂತ ಒಬ್ಬರು ಸಹಿ ಮಾಡ್ಯಾರಂತ. ಯಾರು ಅಂತ ಕೇಳಿದ್ರ ನಿನ್ನ ಹೆಸರು ಹೇಳಿದ್ರು. ನಾ ನಂಬಲಿಲ್ಲ. ಗಿರಿಯವ್ವ ಅಂಥಾಕಿ ಅಲ್ಲ ಅಂತ ಕಚೇರ್ಯಾಗ ಜಗಳ ಆಡೀನಿ.”

ಗಿರಿಯಮ್ಮ ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು. ಬೇಸಿಗೆಯಲ್ಲಿ ಆ ಸುತ್ತಿನಲ್ಲಿ ಕುರಿಗಳಿಗೆ ಇದ್ದದ್ದು ಅದೊಂದೇ ನೀರು. ಅದು ಹೋದರೆ ಹತ್ತು ಹನ್ನೆರಡು ಮನೆ ಗಂಟುಮೂಟೆ ಕಟ್ಟಿ ಊರು ಬಿಡಬೇಕು. “ಸಹಿ ನಂದೇ” ಅಂದಳು. “ಆದ್ರ ಅದು ಹೊಂಡ ಕಸಿಯಾಕಂತ ನನಗ ಯಾರೂ ಹೇಳಲಿಲ್ಲೋ ಯಪ್ಪಾ. ನಾಳಿ ಲಿಂಗಸುಗೂರಿಗೆ ಹೋಗೂಣು ನಡಿ.”

ಹೊರಡುವಾಗ ಏನನ್ನಿಸಿತೋ, ‘ಹ’ ದಾರವನ್ನು ಇಳಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಹೊಂಡದ ವ್ಯಾಜ್ಯವೆಂದರೆ ಹದ್ದಿನ ಮಾತು ಬಾರದೆ ಇರದು ಎಂದು ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತ್ತು.

ಕಚೇರಿಯಲ್ಲಿ ವಿಚಾರಣೆ ಶುರುವಾಗುವ ಮೊದಲು ತಹಸೀಲ್ದಾರರ ಗುಮಾಸ್ತ ಪೇಶ್ಕಾರರು, ಸಹಿ ಮಾಡಿದಾಕೆಯೇ ಬಂದಿದ್ದಾಳಲ್ಲ ಎಂದು ಎರಡೂ ಗರಿಗಳನ್ನು ಮುಂದಿಟ್ಟರು. ಮೊದಲನೆಯದು ಕಂಡದ್ದೇ. ಎರಡನೆಯದನ್ನು ಗಿರಿಯಮ್ಮ ಬೆರಳಿಟ್ಟು ಓದುತ್ತ ಹೋದಳು. ಎಲ್ಲ ಜೋಡಿಗಳೂ ಸರಿಯಿದ್ದವು. ಅಲ್ಲ, ಸರಿ ಅಂದರೆ ಅತಿ ಸರಿ. ನಿಜವಾದ ಹಳೆಯ ಪುಸ್ತಕದಲ್ಲಿ ಬರೆದವನು ಅಲ್ಲಲ್ಲಿ ಎಡವುತ್ತಾನೆ, ಅವನ ಊರಿನ ಮಾತು ನುಸುಳುತ್ತದೆ. ಇಲ್ಲಿ ಅಂಥದ್ದೇನಿಲ್ಲ; ತನ್ನ ಚೀಟಿಗಳನ್ನೇ ಯಾರೋ ದಾರದಿಂದ ಬಿಚ್ಚಿ ಸಾಲಾಗಿ ಜೋಡಿಸಿಟ್ಟಿದ್ದಾರೆ. ಕಡೆಯ ಸಾಲಿಗೆ ಬಂದಳು. ‘ಇಂತೀ ಹೊಂಡದ ನಾಲ್ಕುಂ ದೆಸೆಯ ಹದ್ದು ಸುತ್ತಿದ ನೆಲನನಿತುಂ ಗವುಂಡನ ವಂಶಕ್ಕೆ ಸಲ್ವುದು.’

ಹದ್ದು ಸುತ್ತಿದ ನೆಲ.

ಲೋಕದಲ್ಲಿ ಆ ಮಾತಿಗೆ ಗಡಿ ಎಂಬ ಅರ್ಥ ಕೊಟ್ಟು ಬರೆದ ಚೀಟಿ ಒಂದೇ ಒಂದು. ಅದನ್ನು ಓದಿದವನೂ ಒಬ್ಬನೇ ಒಬ್ಬ. ಗಿರಿಯಮ್ಮ ಗರಿಯನ್ನು ಮೂಗಿಗೆ ಹಿಡಿದಳು. ಅಪ್ಪನ ಕಟ್ಟಿಗೆ ತಾನು ವರ್ಷವರ್ಷವೂ ಹಚ್ಚುತ್ತಿದ್ದ ಬೇವಿನೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ಅಮರಗುಂಡ ನಿಂತಿದ್ದ. ಆಕೆ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

“ಅಪ್ಪನ ಗರಿ ಮ್ಯಾಲ ಬರದಿಯೇನಲೇ?”

ಅವನು ಆಚೀಚೆ ನೋಡಿದ. “ಸಣ್ಣಗ ಮಾತಾಡ್ರಿ. ನೀವು ಯಾಕ ಬಂದ್ರಿ ಇಲ್ಲಿಗೆ?”

“ನನ್ನ ಚೀಟಿ ನೋಡಿ ಬರದಿಯೇನಂತ ಕೇಳಾಕತ್ತೀನಿ.”

“ದೇಸಾಯರು ಶಾಲಿಗೆ ಕಲ್ಲಿನ ಕಟ್ಟಡ ಕಟ್ಟಿಸಿಕೊಡ್ತಾರ್ರಿ” ಎಂದ ಅಮರಗುಂಡ. ಮಾತು ದಬದಬ ಬಂತು, ಎಷ್ಟೋ ದಿನದಿಂದ ಒಳಗೇ ಪಾಠ ಮಾಡಿಕೊಂಡವನ ಹಾಗೆ. “ದನದ ಕೊಟಗ್ಯಾಗ ಕನ್ನಡ ಎಷ್ಟು ದಿನ ಉಳೀತೈತಿ? ಅರವತ್ತು ಮಕ್ಕಳು ಅದಾವ. ಕುರಿ ಇನ್ನೊಂದು ಕಡಿ ನೀರು ಕುಡೀತಾವ. ಮಾಸ್ತರು ಇದ್ದಿದ್ರ ಅವರೂ ಇದನ್ನ…”

“ಅಪ್ಪನ ಹೆಸರು ನಿನ್ನ ಬಾಯಾಗ ಬರಬಾರದು!” ಗಿರಿಯಮ್ಮ ಚೀರಿದಳು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಶಾಲಿ ಬೇಕಂದ್ರ ನನ್ನ ಮನಿ ಕೇಳಬೇಕಿತ್ತು. ಪಡಸಾಲಿ ಬಿಟ್ಟುಕೊಡ್ತಿದ್ದೆ. ನನ್ನ ಕೇಳಬೇಕಿತ್ತಲ್ಲೋ!”

ಆಗ ಅವನ ಮುಖ ಗಟ್ಟಿಯಾಯಿತು. “ಈಗ ಹೋಗಿ ಸುಳ್ಳು ಅಂತ ಹೇಳ್ತೀರೇನು? ಸಹಿ ನಿಮ್ಮದು. ಚೀಟಿ ನಿಮ್ಮವು. ಓಲಿ ಸುಳ್ಳಾದ್ರ ನಿಮ್ಮ ಇಪ್ಪತ್ತು ವರ್ಷ ಸುಳ್ಳಾಗ್ತಾವ. ಇಷ್ಟು ದಿನ ಹುಚ್ಚಿ ಅಂದವರು ಇನ್ನ ಮ್ಯಾಲ ಕಳ್ಳಿ ಅಂತಾರ. ಯೋಚನಿ ಮಾಡ್ರಿ ಅಕ್ಕಾವರ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ತಹಸೀಲ್ದಾರರು ಹೈದರಾಬಾದಿನ ಕಡೆಯ ವಯಸ್ಸಾದ ಮನುಷ್ಯ, ಕನ್ನಡ ಅಷ್ಟಕ್ಕಷ್ಟೇ. ಪೇಶ್ಕಾರರು ನಡುವೆ ನಿಂತು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳುತ್ತಿದ್ದರು. ಒಂದು ಪಕ್ಕದಲ್ಲಿ ದೇಸಾಯಿ ಕರಿಬಸಪ್ಪ ತಲೆಯ ಜರಿಪಟಗ ಸರಿಮಾಡಿಕೊಳ್ಳುತ್ತ ಕೂತಿದ್ದ, ಅವನ ಹಿಂದೆ ಅಮರಗುಂಡ. ಇನ್ನೊಂದು ಪಕ್ಕದಲ್ಲಿ ಹೊನ್ನೂರಪ್ಪ ಕಂಬಳಿ ಬಗಲಲ್ಲಿ ಒತ್ತಿಕೊಂಡು ನಿಂತಿದ್ದ. ಈ ಓಲೆ ಏಳುನೂರು ವರ್ಷ ಹಳೆಯದೆಂದು ಸಹಿ ಮಾಡಿದವಳು ನೀನೇ ತಾನೇ ಎಂದು ತಹಸೀಲ್ದಾರರು ಕೇಳಿದರು.

“ಹೌದ್ರಿ, ನಾನೇ. ಒಂದು ಗರಿ ನೋಡಿ ಸಹಿ ಮಾಡಿದ್ದೆ. ಎರಡನೇದು ಇವತ್ತು ನೋಡೀನಿ. ಈ ಓಲಿ ಸುಳ್ಳು.”

ದೇಸಾಯಿ ಎದ್ದು ನಿಂತ. ತಹಸೀಲ್ದಾರರು ಅವನನ್ನು ಕೈಸನ್ನೆಯಲ್ಲೇ ಕೂರಿಸಿ, ಹೇಗೆ ಸುಳ್ಳು ಎಂದು ಕೇಳಿದರು. ಗಿರಿಯಮ್ಮ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಪೇಶ್ಕಾರರು ಉರ್ದುವಿಗೆ ಹೇಳಲು ಬಾಯಿ ತೆಗೆಯುವ ಮೊದಲೇ ತಹಸೀಲ್ದಾರರ ಹುಬ್ಬು ಮೇಲೇರಿತು.

“ಹದ್? ಯೇ ತೊ ಹಮಾರಾ ಲಫ್ಜ್ ಹೈ!”

ಗಡಿಗೆ ನಾವು ಉರ್ದುವಿನಲ್ಲಿ ಹೇಳುವ ನಮ್ಮ ಮಾತಲ್ಲವೇ ಇದು, ಎಂದರು ಅವರು. ಏಳುನೂರು ವರ್ಷದ ಹಿಂದೆ, ನಮ್ಮವರ ಕಚೇರಿ ಈ ನಾಡಿಗೆ ಕಾಲಿಡುವ ಮೊದಲೇ, ನಿಮ್ಮ ಗವುಂಡನಿಗೆ ಇದನ್ನು ಯಾರು ಕಲಿಸಿಕೊಟ್ಟರು? ಹೇಳುತ್ತ ಹೇಳುತ್ತ ನಗು ತಡೆಯಲಾರದೆ ಕನ್ನಡಕ ತೆಗೆದರು. ಹೊನ್ನೂರಪ್ಪನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ನಕ್ಕ.

ನಗು ಮುಗಿದ ಮೇಲೆ ತಹಸೀಲ್ದಾರರು ಇನ್ನೊಂದು ಪ್ರಶ್ನೆ ಕೇಳಿದರು. ಈ ತಪ್ಪು ಇದರೊಳಗೆ ಬಂದದ್ದು ಎಲ್ಲಿಂದ?

ಗಿರಿಯಮ್ಮ ಸೆರಗು ಬಿಚ್ಚಿ ದಾರದಿಂದ ಆ ಚೀಟಿ ತೆಗೆದುಕೊಟ್ಟಳು. “ನನ್ನಿಂದ್ರಿ. ಈ ತಪ್ಪು ನಂದು. ಪಕ್ಷೀನ ಗಡಿ ಅಂತ ಬರದಿದ್ದೆ. ಇದನ್ನ ನೋಡಿ ಓಲಿ ಬರದಾರ.”

ಬೇರೆ ಯಾರು ನೋಡಿದ್ದಾರೆ ಈ ಚೀಟಿಯನ್ನು?

ಗಿರಿಯಮ್ಮ ಅಮರಗುಂಡನ ಕಡೆ ತಿರುಗಿದಳು. ಅವನೇ ಹೇಳಲಿ ಎಂದು ಕಾದಳು. ಇಷ್ಟೆಲ್ಲ ಆದ ಮೇಲೂ ಆಕೆಗೆ ಅದೊಂದು ಆಸೆಯಿತ್ತು ನೋಡಿ: ಎದ್ದು ನಿಂತು ‘ಅಕ್ಕನ ತಪ್ಪಲ್ರಿ, ನಂದು’ ಎಂದುಬಿಟ್ಟರೆ ಸಾಕು, ಮನೆಗೆ ಕರೆದುಕೊಂಡು ಹೋಗಿ ರೊಟ್ಟಿ ತಟ್ಟಿ ಹಾಕುತ್ತಿದ್ದಳು.

ಅಮರಗುಂಡ ಎದ್ದು ನಿಂತ. ಕೈಮುಗಿದ.

“ನನಗೇನೂ ಗೊತ್ತಿಲ್ರಿ ಸಾಹೇಬ್ರ. ಅಕ್ಕಾವರ ಚೀಟಿ ಅವರ ಮನ್ಯಾಗ ಇರ್ತಾವ. ಯಾರನ್ನೂ ಮುಟ್ಟಗೊಡೂದಿಲ್ಲ. ಓಲೀ ಮ್ಯಾಲ ಬರಿಯೋದು ಈ ಸುತ್ತಿನಾಗ ಅವರೊಬ್ಬರಿಗೇ ಬರ್ತೈತಿ.”

ಮಾರಿದ್ದು ಸಾಲದೆ ಈಗ ತನ್ನನ್ನೇ ಕಟಕಟೆಗೆ ನೂಕಿದನಲ್ಲ! ಗಿರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ತಹಸೀಲ್ದಾರರಿಗೆ ಅಂದಳು:

“ಚೀಟಿ ತಿರುವಿ ಹಾಕಿ ನೋಡ್ರಿ.”

ಪೇಶ್ಕಾರರು ಬೆನ್ನಿನ ಬರಹ ಓದಿದರು. ತಪ್ಪು. ಇದು ಪಕ್ಷಿ. ಮೂರು ವರ್ಷದ ಹಿಂದಿನ ತಾರೀಖು. ತಹಸೀಲ್ದಾರರು ಬೆರಳು ಒದ್ದೆಮಾಡಿಕೊಂಡು ಆ ಅಕ್ಷರಗಳನ್ನು ಉಜ್ಜಿ ನೋಡಿದರು. ಒಣಗಿ ಹಳತಾದ ಮಸಿ ಕದಲಲಿಲ್ಲ.

“ಇದು ತಪ್ಪಂತ ನನಗ ಮೂರು ವರ್ಷದಿಂದ ಗೊತ್ತೈತಿ. ನಾನೇ ಬರದಿದ್ರ ಗೊತ್ತಿದ್ದ ತಪ್ಪು ಯಾಕ ಬರೀತಿದ್ದೆ? ಎಲ್ಲೆ ಅಂತ ಬರೀತಿದ್ದೆ, ನಿಮ್ಮಪ್ಪನಾಣಿಗೂ ಯಾರಿಗೂ ಗೊತ್ತಾಗ್ತಿದ್ದಿಲ್ಲ. ಇದನ್ನ ಬರದಾವ ಬರೀ ಮುಂದಿನ ಮಕ ನೋಡ್ಯಾನ. ಬೆನ್ನು ನೋಡಿಲ್ಲ. ಯಾಕಂದ್ರ ನಾ ಅವಗ ಹೇಳಿಲ್ಲ. ಅವನ ಮುಂದ ಸಣ್ಣಾಕಿ ಆಗಬಾರದು ಅಂತ ಹೇಳಿಲ್ಲ.” ಆಕೆ ಕೈ ಎತ್ತಿ ತೋರಿಸಿದಳು. “ಇವ್ನೇ. ಹನ್ನೆರಡು ವರ್ಷ ನನಗ ತಮ್ಮ ಆಗಿದ್ದ.”

‘ನಿಮ್ಮಪ್ಪನಾಣಿ’ಯನ್ನು ಪೇಶ್ಕಾರರು ಜಾಣತನದಿಂದ ನುಂಗಿ ಉಳಿದದ್ದನ್ನು ಉರ್ದುವಿನಲ್ಲಿ ಹೇಳಿದರು. ದೇಸಾಯಿಗೆ ತಡವಾಗಲಿಲ್ಲ, ಈ ಮಾಸ್ತರನೇ ಗರಿ ತಂದುಕೊಟ್ಟದ್ದು, ತನಗೇನೂ ತಿಳಿಯದು ಎಂದು ತಕ್ಷಣ ಕೈತೊಳೆದುಕೊಂಡ. ಓಲೆ ಸುಳ್ಳು, ಹೊಂಡ ಮೊದಲಿನಂತೆ ಕುರಿಗಾರರಿಗೆ, ಮಾಸ್ತರನ ಮೇಲೆ ವಿಚಾರಣೆ ಎಂದು ಹುಕುಮಾಯಿತು. ಅಮರಗುಂಡನನ್ನು ಸಿಪಾಯಿ ಹೊರಗೆ ಕರೆದುಕೊಂಡು ಹೋದ. ಗಿರಿಯಮ್ಮನ ಪಕ್ಕದಲ್ಲೇ ಹಾದು ಹೋದ. ತಲೆ ಎತ್ತಲಿಲ್ಲ.

ಮರುದಿನ ಹೊನ್ನೂರಪ್ಪ ತಂಬಿಗೆ ತುಂಬ ಕುರಿಹಾಲು ತಂದಿಟ್ಟ. “ಕುಡಿಯವ್ವಾ, ಮುಳ್ಳು ಕಿತ್ತು ಹಾಕೀವಿ, ಕುರಿ ಎಲ್ಲಾ ನೀರಿಗೆ ಇಳದಾವ” ಎಂದ. ಗಿರಿಯಮ್ಮ ಹೂಂ ಅಂದಳು. ಅವನು ಹೋಗುವ ತನಕ ಹಾಲಿನ ಕಡೆ ನೋಡಲಿಲ್ಲ. ಆಕೆ ನೋಡುತ್ತಿದ್ದದ್ದು ಬಾಗಿಲ ಪಕ್ಕದ ಗೂಟವನ್ನು.

ಏಳುನೂರು ವರ್ಷದ ವಾಕ್ಯದಲ್ಲಿ ಎಲ್ಲಿ ಜೋಡಿ ತಪ್ಪಿದೆ ಎಂದು ಹಿಡಿಯುವವಳು ತಾನು. ಹೊಸ್ತಿಲಲ್ಲಿ ನಿಂತು ತಮ್ಮ ಆಡಿದ ಒಂದು ಮಾತಿನಲ್ಲಿ ಜೋಡಿ ತಪ್ಪಿದ್ದು ಕಿವಿಗೆ ಬಿದ್ದಿತ್ತು. ಬಿದ್ದರೂ ನಕ್ಕು ಬಿಟ್ಟಿದ್ದಳು. ಅಯ್ಯೋ, ತಾನಿನ್ನು ತಮ್ಮನಲ್ಲ ಎಂದು ಅವನು ಅವತ್ತೇ ಹೇಳಿದ್ದ!

ಒಂದು ಹೊಸ ಚೀಟಿ ಕತ್ತರಿಸಿದಳು. ಮೇಲೆ ‘ಅಕ್ಕಾವರ’ ಎಂದು ಬರೆದಳು. ಕೆಳಗೆ, ‘ಜೋಡಿ: ರೀ’. ಅದರ ಕೆಳಗೆ ಯಾವ ಪುಸ್ತಕದ್ದು ಎಂದು ಬರೆಯಬೇಕು. ಲೇಖನಿ ಹಿಡಿದು ಬಹಳ ಹೊತ್ತು ಕೂತಳು. ಕಡೆಗೆ ‘ನನ್ನ ಮನೆಯದು’ ಎಂದು ಬರೆದು, ತೂತು ಮಾಡಿ, ‘ಅ’ ದಾರ ಇಳಿಸಿದಳು. ಪೋಣಿಸಲು ಹೋದರೆ ‘ಅಕ್ಕ’ ಎಂಬ ಚೀಟಿಯ ಪಕ್ಕದಲ್ಲೇ ಅದರ ಜಾಗವಿತ್ತು. ಆಗ ಗಿರಿಯಮ್ಮ ದಾರವನ್ನು ಮಡಿಲಲ್ಲಿ ಹಾಕಿಕೊಂಡು ಗಟ್ಟಿಯಾಗಿ ಅತ್ತಳು.